ಪ್ಲೇಗಿಗೆ ಮದ್ದು ಕೊಟ್ಟ ಹಾಫ್‌ಕಿನ್: ಕಲಿಸಿದ ಕೈ, ಹಿಡಿದ ಕೈ



ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಪ್ರತಿಯೊಬ್ಬ ನಿರ್ದೇಶಕರೂ ಒಂದೊಂದು ಲೇಖನ ಕೊಡಬೇಕೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಆಯಿತು. ಬೆಳೆಸಾಲ, ಗೊಬ್ಬರ, ವಸೂಲಿ ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಮಂಡಳಿಯಲ್ಲಿ ಇದ್ದಾರೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಎರಿಹೊಲ ಹಿಡಿದವ. ನನಗೆ ಯಾವ ವಿಷಯ ಬರೆಯಬೇಕು ಅಂತ ಬಹಳ ದಿನ ತಿಳಿಯಲಿಲ್ಲ. ಕಡೆಗೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ವಿಷಯ ಸಿಕ್ಕಿತು.

ನನ್ನ ಮಗಳು ನರ್ಸಿಂಗ್ ಓದುತ್ತಾಳೆ. ಹೋದ ವರ್ಷ ದೀಪಾವಳಿಗೆ ಊರಿಗೆ ಬಂದಾಗ ಸರಿಯಾಗಿ ಊಟ ಮಾಡಲಿಲ್ಲ, ಮಾತೂ ಆಡಲಿಲ್ಲ. ಅವರವ್ವ ಬಿಡದೆ ಕೇಳಿದ ಮೇಲೆ ಅಳುತ್ತ ಹೇಳಿದಳು. ಆಕೆ ಕಲಿಯಲು ಹೋಗುವ ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಸಾಮಾನಿನಲ್ಲಿ ಏನೋ ತಪ್ಪು ಮಾಡಿದ್ದಳಂತೆ. ಆ ಕೆಲಸವನ್ನು ಆಕೆಗೆ ಯಾರೂ ಅದಕ್ಕೆ ಮೊದಲು ತೋರಿಸಿರಲಿಲ್ಲ. ಆದರೆ ಹಿರಿಯರೊಬ್ಬರು ಪೇಶಂಟುಗಳ ಎದುರಿಗೇ ಬಾಯಿಗೆ ಬಂದಂತೆ ಬೈದರಂತೆ. ನಾ ಇನ್ನ ಹೋಗೂದಿಲ್ಲ, ಹೊಲದಾಗ ಕಳೆ ತೆಗದರೂ ಅಡ್ಡಿ ಇಲ್ಲ ಅಂತ ಹಟ ಹಿಡಿದಳು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಗ ಆಕೆಯ ಪುಸ್ತಕಗಳನ್ನು ತಿರುವಿ ಹಾಕುವಾಗ ಒಬ್ಬ ಮಹನೀಯನ ಹೆಸರು ಕಂಡೆ. ವಾಲ್ಡೆಮರ್ ಹಾಫ್‌ಕಿನ್. ಪ್ಲೇಗಿಗೆ ಮೊದಲ ಚುಚ್ಚುಮದ್ದು ಮಾಡಿದವರು. ಪುಸ್ತಕದಲ್ಲಿ ಇದ್ದದ್ದು ನಾಲ್ಕೇ ಸಾಲು. ಮುಂದೆ ಗದಗಿಗೆ ಹೋದಾಗ ಗ್ರಂಥಾಲಯದಲ್ಲಿ ಹುಡುಕಿ, ತಿಳಿದವರನ್ನು ಕೇಳಿ ಇನ್ನಷ್ಟು ಸಂಗ್ರಹಿಸಿದೆ. ಅವರ ಜೀವನ ಓದಿದ ಮೇಲೆ ಮಗಳಿಗೆ ಏನು ಹೇಳಬೇಕೆಂಬುದು ನನಗೆ ತಿಳಿಯಿತು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಸೀಮೆಗೆ ಬಂದ ಪ್ಲೇಗು

ಪ್ಲೇಗು ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ನಮ್ಮ ಅಜ್ಜಿ, ತನ್ನ ಅತ್ತೆಯಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದಳು. ಮೊದಲು ಮನೆಯ ಜಂತಿಯಿಂದ ಇಲಿಗಳು ಉದುರಿ ಸಾಯುತ್ತಿದ್ದವು. ಇಲಿ ಬಿದ್ದವು ಅಂದರೆ ಊರ ಜನ ಹಾಸಿಗೆ, ಬೋಗುಣಿ, ಜೋಳದ ಚೀಲ ಹೊತ್ತು, ದನಕರು ಹೊಡೆದುಕೊಂಡು ಅಡವಿಯ ಹಾದಿ ಹಿಡಿಯುತ್ತಿದ್ದರು. ಹೊಲದಾಗ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿದ್ದರು. ಜ್ವರ ಬಂದು, ತೊಡೆಯ ಸಂದಿಯಲ್ಲಿ ಇಲ್ಲವೆ ಬಗಲಲ್ಲಿ ಗಡ್ಡೆ ಎದ್ದಿತೆಂದರೆ ಬದುಕುವವರು ಕಡಿಮೆ. ಇವತ್ತಿಗೂ ನಮ್ಮ ಕಡೆ ಊರೂರಿಗೆ ಪ್ಲೇಗಮ್ಮನ ಗುಡಿ, ಪ್ಲೇಗಮ್ಮನ ಕಟ್ಟೆ ಇರುವುದು ಆ ಕಾಲದ ಗುರುತು.

ಈ ರೋಗ ಮುಂಬೈಯಲ್ಲಿ ಕಾಣಿಸಿದ್ದು 1896ರ ಸೆಪ್ಟೆಂಬರ್ ತಿಂಗಳಲ್ಲಿ. ಅಲ್ಲಿಂದ ಕಾಳಿನ ಮೂಟೆ, ಅರಳೆಯ ಗಂಟು ಮತ್ತು ಜನರ ಸಂಗಡ ರೈಲು ಹತ್ತಿ ಪುಣೆ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಬಂತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯಿಂದ ರೈಲಿನಲ್ಲೇ ಬೆಂಗಳೂರು ಸೇರಿತು. ಗದಗ ಆಗಲೇ ದೊಡ್ಡ ಹತ್ತಿ ಪೇಟೆ, ರೈಲ್ವೆ ಜಂಕ್ಷನ್ನು. ಹೀಗಾಗಿ ಗದಗ ಬೆಟಗೇರಿಗೂ ಅದು ತಪ್ಪಲಿಲ್ಲ. ಆಗ ಗದಗ ಮತ್ತು ಮುಂಡರಗಿ ಇಂಗ್ಲಿಷರ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ರಾಜರಿಗೆ ಸರಹದ್ದು ಇತ್ತು, ರೋಗಕ್ಕೆ ಎಲ್ಲಿಯ ಸರಹದ್ದು?

ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಮನುಷ್ಯರಿಗೆ ಬರುತ್ತದೆ ಎಂಬುದು ಆಗ ಯಾರಿಗೂ ಖಾತ್ರಿ ಇರಲಿಲ್ಲ. ಸರಕಾರದವರು ಸೋಲ್ಜರುಗಳನ್ನು ಕಳಿಸಿ ಮನೆ ಹೊಕ್ಕು ಜಡತಿ ಮಾಡಿಸಿದರು. ರೋಗಿಗಳನ್ನು ಹೊತ್ತೊಯ್ದು ಕ್ಯಾಂಪಿನಲ್ಲಿ ಹಾಕಿದರು. ಪುಣೆಯಲ್ಲಿ ಇದರಿಂದ ಜನ ಸಿಟ್ಟಿಗೆದ್ದು 1897ರ ಜೂನ್ 22ರ ರಾತ್ರಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಸಾಹೇಬರ ಮೇಲೆ ಗುಂಡು ಹಾರಿತು. ಅಂಥ ಹೊತ್ತಿನಲ್ಲಿ ಮುಂಬೈಯ ಒಂದು ಸಣ್ಣ ಖೋಲಿಯಲ್ಲಿ ಕುಳಿತು ಮದ್ದು ತಯಾರು ಮಾಡಿದವರು ಹಾಫ್‌ಕಿನ್.

ಗುರು ಸಿಕ್ಕಿದ್ದು

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಒಡೆಸ್ಸಾ ಎಂಬ ಬಂದರು ಊರಿನಲ್ಲಿ. ಅದು ಆಗ ರಷ್ಯಾ ಚಕ್ರವರ್ತಿಯ ಆಳಿಕೆಯಲ್ಲಿತ್ತು, ಈಗ ಉಕ್ರೇನ್ ದೇಶದಲ್ಲಿದೆ. ಅವರದು ಯಹೂದಿ ಮನೆತನ. ಆ ದೇಶದಲ್ಲಿ ಯಹೂದಿ ಜನಕ್ಕೆ ಬಹಳ ಕಷ್ಟ ಕೊಡುತ್ತಿದ್ದರು. ಓದಲಿಕ್ಕೆ, ನೌಕರಿಗೆ ಎಲ್ಲದಕ್ಕೂ ಅಡ್ಡಿ.

1879ರಲ್ಲಿ ಅವರು ಒಡೆಸ್ಸಾದ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಪ್ರೊಫೆಸರ್ ಇಲ್ಯಾ ಮೆಚ್ನಿಕಾಫ್ ಎಂಬವರು ಇದ್ದರು. ನಮ್ಮ ರಕ್ತದಲ್ಲಿನ ಬಿಳಿಯ ಕಣಗಳು ಮೈಯೊಳಗೆ ಬಂದ ರೋಗಾಣುಗಳನ್ನು ನುಂಗಿ ಹಾಕುತ್ತವೆ ಎಂಬುದನ್ನು ಲೋಕಕ್ಕೆ ತೋರಿಸಿ 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು ಇವರೇ. ಈ ಗುರುವಿಗೆ ಹಾಫ್‌ಕಿನ್ ಮೆಚ್ಚಿನ ಶಿಷ್ಯರಾದರು.

ಆ ದಿನಗಳಲ್ಲಿ ಯಹೂದಿಗಳ ಕೇರಿಗಳ ಮೇಲೆ ಗುಂಪು ಕಟ್ಟಿಕೊಂಡು ದಾಳಿ ಮಾಡುವುದು ನಡೆದಿತ್ತು. ತಮ್ಮವರ ರಕ್ಷಣೆಗೆ ನಿಂತ ತರುಣರಲ್ಲಿ ಹಾಫ್‌ಕಿನ್ನರೂ ಒಬ್ಬರು. ಪೆಟ್ಟು ತಿಂದರು, ಜೇಲಿಗೂ ಹೋದರು. ಆಗ ಅವರನ್ನು ಬಿಡಿಸಲಿಕ್ಕೆ ಓಡಾಡಿದವರು ಗುರು ಮೆಚ್ನಿಕಾಫರೇ. ಸರಕಾರದ ಕಣ್ಣು ತನ್ನ ಮೇಲೆ ಬಿದ್ದೀತು ಅಂತ ಅವರು ಹಿಂದೆ ಸರಿಯಲಿಲ್ಲ. ಕೆಲ ಕಾಲದ ಮೇಲೆ ಗುರುಗಳೇ ಆ ವಿಶ್ವವಿದ್ಯಾಲಯ ಬಿಟ್ಟು ಹೊರಬಿದ್ದರು. ಓದು ಮುಗಿದ ಮೇಲೆ ಧರ್ಮ ಬದಲಿಸಿದರೆ ಹಾಫ್‌ಕಿನ್ನರಿಗೆ ದೊಡ್ಡ ಹುದ್ದೆ ಸಿಗುತ್ತಿತ್ತು. ಅವರು ಒಪ್ಪಲಿಲ್ಲ. ಒಂದು ವಸ್ತುಸಂಗ್ರಹಾಲಯದಲ್ಲಿ ಸಣ್ಣ ಕೆಲಸ ಮಾಡುತ್ತ ಸಂಶೋಧನೆ ನಡೆಸಿದರು.

1888ರಲ್ಲಿ ಊರು ಬಿಟ್ಟು ಸ್ವಿಜರ್ಲೆಂಡಿನ ಜಿನೀವಾಕ್ಕೆ, ಮಾರನೆಯ ವರ್ಷ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಹುಚ್ಚುನಾಯಿ ಕಡಿತಕ್ಕೆ ಮದ್ದು ಕೊಟ್ಟ ಲೂಯಿ ಪಾಸ್ಚರರ ಸಂಸ್ಥೆ ಆಗಷ್ಟೇ ಶುರುವಾಗಿತ್ತು. ಮೆಚ್ನಿಕಾಫರು ಅಲ್ಲಿ ಇದ್ದರು. ಶಿಷ್ಯನಿಗೆ ಕೊಡಲಿಕ್ಕೆ ಅಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ಗ್ರಂಥಾಲಯದಲ್ಲಿ ಸಹಾಯಕನ ಕೆಲಸ. ಅದನ್ನೇ ಕೊಡಿಸಿದರು. ಹಾಫ್‌ಕಿನ್ ಹಗಲು ಪುಸ್ತಕ ಜೋಡಿಸುತ್ತ, ಬಿಡುವಾದಾಗ ಪ್ರಯೋಗಶಾಲೆಯಲ್ಲಿ ಕೂತು ಕಲಿತರು. ಗುರು ಕೊಟ್ಟದ್ದು ಸಣ್ಣ ಕೆಲಸ ಹೌದು. ಆದರೆ ದೊಡ್ಡ ವಿದ್ಯೆಯ ಮನೆಯೊಳಗೆ ಕಾಲಿಡಲಿಕ್ಕೆ ಅಷ್ಟೇ ಸಾಕಾಯಿತು. ಹಿರಿಯರಾದವರು ಮಾಡಬೇಕಾದದ್ದು ಇದೇ ಅಲ್ಲವೇ? ಎಲ್ಲವನ್ನೂ ಕೈಗೆ ಕೊಡಬೇಕಾಗಿಲ್ಲ, ಹೊಸ್ತಿಲು ದಾಟಿಸಿದರೆ ಸಾಕು.

ಮೊದಲು ತನ್ನ ಮೈಗೆ, ಆಮೇಲೆ ಪರರಿಗೆ

ಮೊದಲು ಅವರು ಕೈಹಾಕಿದ್ದು ಕಾಲರಾ ರೋಗಕ್ಕೆ, ಅಂದರೆ ವಾಂತಿಭೇದಿಗೆ. ಮದ್ದು ತಯಾರಾದ ಮೇಲೆ 1892ರ ಜುಲೈ 18ರಂದು ಮೊದಲು ತಮಗೇ ಚುಚ್ಚಿಕೊಂಡರು. ಜ್ವರ ಬಂತು, ಇಳಿಯಿತು. ಆಮೇಲೆ ಗೆಳೆಯರು ಚುಚ್ಚಿಸಿಕೊಂಡರು. 1893ರ ಮಾರ್ಚಿನಲ್ಲಿ ಭಾರತಕ್ಕೆ ಬಂದು ಕಲಕತ್ತಾ ಮತ್ತು ಉತ್ತರದ ಸೀಮೆಗಳಲ್ಲಿ ತಿರುಗಾಡಿದರು. ಎರಡು ವರ್ಷದಲ್ಲಿ ಸುಮಾರು 42,000 ಜನಕ್ಕೆ ಚುಚ್ಚಿದರು.

ಕಲಕತ್ತೆಯ ಬಡವರ ಗುಡಿಸಲು ಕೇರಿಗಳಲ್ಲಿ ಮೊದಮೊದಲು ಜನ ಕಲ್ಲು ತೂರಿದರಂತೆ. ಹಾಫ್‌ಕಿನ್ ಓಡಿಹೋಗಲಿಲ್ಲ. ಎಲ್ಲರೂ ನೋಡುವಂತೆ ತಮ್ಮ ಅಂಗಿ ಎತ್ತಿ ಸಂಗಡ ಇದ್ದ ಡಾಕ್ಟರರಿಂದ ಚುಚ್ಚಿಸಿಕೊಂಡರಂತೆ. ಅವರ ಜೊತೆಗೆ ಬಂಗಾಲದ ತರುಣ ಡಾಕ್ಟರರು ಇದ್ದರು. ಜನರ ಭಾಷೆ ಆಡುವವರು, ಕೇರಿಯ ಒಳಹೊರಗು ಬಲ್ಲವರು ಇವರೇ. ಹಾಫ್‌ಕಿನ್ ಅವರಿಗೆ ಮದ್ದಿನ ವಿದ್ಯೆ ಕಲಿಸಿದರು, ಅವರು ಹಾಫ್‌ಕಿನ್ನರಿಗೆ ಜನರನ್ನು ಕಲಿಸಿದರು. ಕಟ್ಟಲಬಾಗಾನ್ ಎಂಬ ಕೇರಿಯಲ್ಲಿ 1894ರಲ್ಲಿ ಸುಮಾರು 200 ಜನರಲ್ಲಿ 116 ಮಂದಿ ಚುಚ್ಚಿಸಿಕೊಂಡರು. ಮುಂದೆ ಅಲ್ಲಿ ಕಾಲರಾ ಬಂದಾಗ ಬಿದ್ದವರೆಲ್ಲ ಚುಚ್ಚಿಸಿಕೊಳ್ಳದವರೇ.

ಕೊರೋನಾ ಕಾಲ ನೆನೆಸಿಕೊಳ್ಳಿರಿ. 2021ರಲ್ಲಿ ಲಸಿಕೆ ಬಂದಾಗ ನಾವೂ ಹೆದರಿದ್ದೆವು. ಸೂಜಿ ಮಾಡಿಸಿಕೊಂಡರೆ ಹಾಗಾಗುತ್ತದೆ ಹೀಗಾಗುತ್ತದೆ ಅಂತ ಕಟ್ಟೆಗೆ ಕುಳಿತು ಮಾತಾಡಿದೆವು. ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ನಾವು ತಗೊಂಡೀವಿ ನೋಡ್ರಿ ಅಂತ ತೋಳು ತೋರಿಸಿದ ಮೇಲೆ ಸಾಲುಗಟ್ಟಿ ನಿಂತೆವು. ಹಾಫ್‌ಕಿನ್ ನೂರು ವರ್ಷದ ಹಿಂದೆ ಹಾಕಿಕೊಟ್ಟ ಹಾದಿ ಅದೇ.

ತುಪ್ಪದ ಹನಿಯ ಕೆಳಗೆ

ಮುಂಬೈಯಲ್ಲಿ ಪ್ಲೇಗು ಎದ್ದಾಗ ಸರಕಾರ ಹಾಫ್‌ಕಿನ್ನರನ್ನು ಕರೆಸಿತು. 1896ರ ಅಕ್ಟೋಬರಿನಲ್ಲಿ ಬಂದರು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಖೋಲಿ ಮತ್ತು ಪಡಸಾಲೆ ಕೊಟ್ಟರು. ಕೈಕೆಳಗೆ ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಸಿಬ್ಬಂದಿ. ಹಗಲುರಾತ್ರಿ ಎನ್ನದೆ ಕೆಲಸ ನಡೆಯಿತು. ಕೆಲಸದ ಒತ್ತಡ, ರೋಗದ ಹೆದರಿಕೆ ತಾಳದೆ ಕೆಲವರು ಬಿಟ್ಟೂ ಹೋದರು.

ಮದ್ದು ಮಾಡುವ ರೀತಿ ನಮ್ಮಂಥ ರೈತರಿಗೂ ತಿಳಿಯುವಂಥದು. ಆಡಿನ ಮಾಂಸದ ರಸ ತೆಗೆದು ಗಾಜಿನ ಬುರುಡೆಯಲ್ಲಿ ಹಾಕಿ, ಅದರಲ್ಲಿ ಪ್ಲೇಗಿನ ರೋಗಾಣು ಬಿಡುತ್ತಿದ್ದರು. ಮೇಲೆ ತುಪ್ಪದ ಹನಿ ತೇಲಬಿಡುತ್ತಿದ್ದರು. ಅಲುಗಾಡಿಸದೆ ಇಟ್ಟರೆ ಆ ತುಪ್ಪದ ಹನಿಗಳ ಕೆಳಗೆ ರೋಗಾಣುಗಳು ಎಳೆ ಎಳೆಯಾಗಿ ಜೋತುಬಿದ್ದು ಬೆಳೆಯುತ್ತಿದ್ದವು. ಚೆನ್ನಾಗಿ ಬೆಳೆದ ಮೇಲೆ ಕಾಸಿ ಅವನ್ನು ಕೊಲ್ಲಬೇಕು. ಸುಮಾರು 70 ಡಿಗ್ರಿ ಶಾಖದಲ್ಲಿ ಒಂದು ತಾಸು. ಸತ್ತ ರೋಗಾಣು ರೋಗ ತರುವುದಿಲ್ಲ. ಆದರೆ ನಮ್ಮ ಮೈ ಅದನ್ನು ಗುರುತು ಹಿಡಿದು, ನಿಜವಾದ ರೋಗ ಬಂದಾಗ ಕಾದಾಡಲು ತಯಾರಾಗಿರುತ್ತದೆ. ಮೆಚ್ನಿಕಾಫ್ ಗುರುಗಳು ಜೀವಮಾನವಿಡೀ ಮೈಯ ಈ ಕಾದಾಟವನ್ನೇ ಓದಿದವರು.

ಮೂರೇ ತಿಂಗಳಲ್ಲಿ ಮದ್ದು ಸಿದ್ಧವಾಯಿತು. 1897ರ ಜನವರಿ 10ರಂದು ಹಾಫ್‌ಕಿನ್ ತಮಗೇ ಚುಚ್ಚಿಸಿಕೊಂಡರು. ಅದೂ ಜನರಿಗೆ ಕೊಡಬೇಕೆಂದಿದ್ದ ಪ್ರಮಾಣಕ್ಕಿಂತ ಬಹಳ ಹೆಚ್ಚು. ಜ್ವರ ಬಂದರೂ ಕೆಲಸಕ್ಕೆ ರಜೆ ಹಾಕಲಿಲ್ಲ. ಅದೇ ತಿಂಗಳ ಕೊನೆಗೆ ಭಾಯಖಳಾ ಜೇಲಿನಲ್ಲಿ ಪ್ಲೇಗು ಕಾಣಿಸಿದಾಗ, ತಾವಾಗಿಯೇ ಮುಂದೆ ಬಂದ ಕೈದಿಗಳಿಗೆ ಚುಚ್ಚಿದರು. ಚುಚ್ಚಿಸಿಕೊಂಡವರಲ್ಲಿ ರೋಗ ಬಹಳ ಕಡಿಮೆ ಆದದ್ದು ಎಲ್ಲರ ಕಣ್ಣಿಗೆ ಬಿತ್ತು. ಆಗಾಖಾನರು ತಾವೂ ಚುಚ್ಚಿಸಿಕೊಂಡು ತಮ್ಮ ಜನಕ್ಕೂ ಹೇಳಿದರು, ಪ್ರಯೋಗಶಾಲೆಗೆ ತಮ್ಮ ಒಂದು ಬಂಗಲೆಯನ್ನೂ ಬಿಟ್ಟುಕೊಟ್ಟರು. 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಪ್ರಯೋಗಶಾಲೆ ಹೋಯಿತು.

ಹುಬ್ಬಳ್ಳಿ, ಧಾರವಾಡ, ಗದಗ

ಈ ಮದ್ದಿನ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಸೀಮೆಯಲ್ಲೇ. 1898ರ ಬೇಸಿಗೆಯಿಂದ ಮಳೆಗಾಲದವರೆಗೆ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಡಾಕ್ಟರ ಸಾಹೇಬರು ಕೆಲಸ ನಡೆಸಿದರು. ಊರಿನ ಬಹುಪಾಲು ಜನಕ್ಕೆ, ಅಂದರೆ 30,000ಕ್ಕೂ ಮಿಕ್ಕಿ ಜನಕ್ಕೆ ಚುಚ್ಚಿದರು. ವಾರವಾರಕ್ಕೂ ಲೆಕ್ಕ ಬರೆದಿಟ್ಟರು. ಒಂದು ಸಲ ಚುಚ್ಚಿಸಿಕೊಂಡವರು ಎಷ್ಟು, ಎರಡು ಸಲ ಎಷ್ಟು, ಚುಚ್ಚಿಸಿಕೊಳ್ಳದವರು ಎಷ್ಟು, ಯಾರಲ್ಲಿ ಎಷ್ಟು ಸಾವು. ಚುಚ್ಚಿಸಿಕೊಳ್ಳದವರಲ್ಲೇ ಸಾವು ಹೆಚ್ಚು ಎಂಬುದು ಆ ಲೆಕ್ಕದಿಂದ ಸ್ಪಷ್ಟವಾಯಿತು. ಧಾರವಾಡ ಮತ್ತು ಗದಗಿನಲ್ಲೂ ಚುಚ್ಚುವ ಕೆಲಸ ನಡೆಯಿತು. ಮುಂದೆ ಸರಕಾರದ ಪ್ಲೇಗು ಕಮಿಷನ್ ತನಿಖೆ ಮಾಡಿದಾಗ ಹುಬ್ಬಳ್ಳಿ, ಧಾರವಾಡ, ಗದಗಿನ ಲೆಕ್ಕಗಳನ್ನು ಮುಂದಿಟ್ಟುಕೊಂಡೇ ಈ ಮದ್ದಿನ ಗುಣ ತೂಗಿ ನೋಡಿತು. ನಮ್ಮ ಮುತ್ತಜ್ಜಂದಿರ ತೋಳಿನ ನೋವು ದೇಶಕ್ಕೆಲ್ಲ ಸಾಕ್ಷಿ ಹೇಳಿತು ಅನ್ನಬಹುದು.

ಇಲ್ಲಿ ಒಂದು ಮಾತು ಗಮನಿಸಬೇಕು. ಹಾಫ್‌ಕಿನ್ ಮುಂಬೈಯಲ್ಲಿ ಕುಳಿತು ಮದ್ದು ಮಾಡಿದರೂ ಪ್ರತಿ ಊರಿನಲ್ಲಿ ಸೂಜಿ ಹಿಡಿದವರು ಅವರಲ್ಲ. ಅದು ಡಾಕ್ಟರರಿಂದ ಅವರ ಕೈಕೆಳಗಿನವರಿಗೆ, ಅವರಿಂದ ಕಂಪೌಂಡರಿಗೆ ಹೋಗುವ ವಿದ್ಯೆ. ಬಾಟಲಿ ಹೇಗೆ ಅಲುಗಾಡಿಸಬೇಕು, ಬೂಚು ಹೇಗೆ ತೆಗೆಯಬೇಕು, ಸೂಜಿ ಹೇಗೆ ಕಾಸಬೇಕು ಎಂಬುದನ್ನು ಒಬ್ಬರು ಮಾಡಿ ತೋರಿಸಿ ಇನ್ನೊಬ್ಬರು ನೋಡಿ ಕಲಿಯಬೇಕು. ನಾವು ಕೂರಿಗೆ ಹಿಡಿಯುವುದನ್ನು ಅಪ್ಪನ ಹಿಂದೆ ನಡೆದು ಕಲಿತ ಹಾಗೆ. ಕೂರಿಗೆಯಲ್ಲಿ ತಪ್ಪಿದರೆ ಒಂದು ಸಾಲು ಸೊಟ್ಟ ಆದೀತು. ಇದರಲ್ಲಿ ತಪ್ಪಿದರೆ ಜೀವ ಹೋಗುತ್ತದೆ. ಹಾಗೇ ಆಯಿತು.

ಒಂದು ಬಾಟಲಿ, ಹತ್ತೊಂಬತ್ತು ಜೀವ

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿ. ಅದು ಈಗ ಪಾಕಿಸ್ತಾನದಲ್ಲಿದೆ. ಆ ದಿನ ಅಲ್ಲಿ 107 ಜನಕ್ಕೆ ಪ್ಲೇಗಿನ ಮದ್ದು ಚುಚ್ಚಿದರು. ಐದು ಬಾಟಲಿ ಒಡೆದಿದ್ದರು. ಒಂದು ವಾರದ ಮೇಲೆ ಅವರಲ್ಲಿ 19 ಮಂದಿಗೆ ಧನುರ್ವಾಯು ಹಿಡಿಯಿತು. ಹತ್ತೊಂಬತ್ತೂ ಜನ ಸತ್ತರು. ಅವರೆಲ್ಲರೂ ಒಂದೇ ಬಾಟಲಿಯ ಮದ್ದು ಚುಚ್ಚಿಸಿಕೊಂಡವರು. ಉಳಿದ ಬಾಟಲಿಗಳವರಿಗೆ ಏನೂ ಆಗಲಿಲ್ಲ.

ದೇಶವೆಲ್ಲ ಗದ್ದಲವಾಯಿತು. ಬಾಟಲಿ ಬಂದದ್ದು ಮುಂಬೈಯಿಂದ, ಆದ್ದರಿಂದ ತಪ್ಪು ಮುಂಬೈಯದೇ ಎಂದು ತನಿಖೆ ಮಾಡಿದವರು ಅಭಿಪ್ರಾಯ ಕೊಟ್ಟರು. ಮದ್ದಿನ ಬೇಡಿಕೆ ಹೆಚ್ಚಿದ್ದರಿಂದ ಹಾಫ್‌ಕಿನ್ ತಯಾರಿಕೆಯಲ್ಲಿ ಕಾರ್ಬಾಲಿಕ್ ಆಸಿಡ್ ಹಾಕುವುದನ್ನು ಬಿಟ್ಟು, ಪ್ಯಾರಿಸ್ಸಿನಲ್ಲಿ ಕಲಿತ ಹಾಗೆ ಶಾಖದಿಂದಲೇ ಶುದ್ಧ ಮಾಡುವ ಕ್ರಮ ತಂದಿದ್ದರು. ಅದನ್ನೇ ತಪ್ಪು ಎಂದರು. ಹಾಫ್‌ಕಿನ್ನರನ್ನು ಪ್ರಯೋಗಶಾಲೆಯ ಮುಖ್ಯಸ್ಥನ ಹುದ್ದೆಯಿಂದ ತೆಗೆದರು. ಸಾವಿರಾರು ಜನರ ಜೀವ ಉಳಿಸಿದವರು 1904ರಲ್ಲಿ ಕಳಂಕ ಹೊತ್ತು ಇಂಗ್ಲೆಂಡಿಗೆ ಹೋದರು.

ಆದರೆ ತನಿಖೆಯ ಕಾಗದಗಳಲ್ಲೇ ಒಂದು ಸಂಗತಿ ಇತ್ತು. ಆ ದಿನ ಮುಲ್ಕೋವಾಲಿನಲ್ಲಿ ಆ ಬಾಟಲಿಯ ಬೂಚು ತೆಗೆಯುವ ಮೊದಲು ಕಂಪೌಂಡರನ ಕೈಯಿಂದ ಚಿಮಟಿಗೆ ನೆಲಕ್ಕೆ ಬಿದ್ದಿತ್ತು. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ, ದನದ ಸಗಣಿಯಲ್ಲಿ. ನೆಲಕ್ಕೆ ಬಿದ್ದ ಚಿಮಟಿಗೆಯನ್ನು ಬೆಂಕಿಯಲ್ಲಿ ಕಾಸಬೇಕು. ಆತ ಔಷಧದ ನೀರಿನಲ್ಲಿ ಅದ್ದಿ ಅಲ್ಲಾಡಿಸಿ ಅದರಿಂದಲೇ ಬೂಚು ತೆಗೆದ. ಬಾಟಲಿ ತೆರೆದಾಗ ಕೆಟ್ಟ ವಾಸನೆ ಇರಲಿಲ್ಲ ಎಂಬುದೂ ದಾಖಲಾಗಿತ್ತು. ಮುಂಬೈಯಲ್ಲೇ ಆ ರೋಗಾಣು ಸೇರಿದ್ದರೆ ಒಂದು ತಿಂಗಳ ಮೇಲೆ ಮುಚ್ಚಿಟ್ಟ ಬಾಟಲಿ ನಾರಬೇಕಿತ್ತು.

ನಾನು ಇದನ್ನು ಓದಿದಾಗ ಬಹಳ ಹೊತ್ತು ಸುಮ್ಮನೆ ಕುಳಿತೆ. ಆ ಕಂಪೌಂಡರನನ್ನು ಬೈಯುವುದು ಸುಲಭ. ಆದರೆ ಶಾಖ ಬಿಟ್ಟು ಬೇರೆ ಯಾವುದೂ ಆಗದು ಎಂಬುದನ್ನು ಆತನಿಗೆ ಯಾರಾದರೂ ಕೈ ಹಿಡಿದು ತೋರಿಸಿದ್ದರೋ ಇಲ್ಲವೋ, ಈ ಪ್ರಶ್ನೆ ಕೇಳದೆ ತೀರ್ಪು ಕೊಡುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಬಿಸಿಲಲ್ಲಿ ಸಾಲುಗಟ್ಟಿದ ಜನ, ಬೇಗ ಮುಗಿಸುವ ಅವಸರ, ಕೆಳಗೆ ಬಿದ್ದ ಒಂದು ಚಿಮಟಿಗೆ. ಪ್ಯಾರಿಸ್ಸಿನಿಂದ ಹೊರಟ ವಿದ್ಯೆ ಮುಂಬೈವರೆಗೆ ಸರಿಯಾಗಿ ಬಂದು ಕಡೆಯ ಕೈಯಲ್ಲಿ ತಪ್ಪಿತು. ಸರಪಳಿಯ ಕಡೆಯ ಕೊಂಡಿಯನ್ನು ಯಾರೂ ಎಳೆದು ನೋಡಿರಲಿಲ್ಲ. ತಪ್ಪಾದ ಮೇಲೆ ಎಲ್ಲರೂ ಮೊದಲ ಕೊಂಡಿಯನ್ನೇ ಹಿಡಿದು ಜಗ್ಗಿದರು.

ಕೈ ಹಿಡಿದವರು

ಹಾಫ್‌ಕಿನ್ ಐದು ವರ್ಷ ಕಳಂಕ ಹೊತ್ತರು. ಆಗ ಅವರ ಪರವಾಗಿ ಬಹಿರಂಗವಾಗಿ ನಿಂತವರಲ್ಲಿ ಮುಖ್ಯರು ರೊನಾಲ್ಡ್ ರಾಸ್. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂದು 1897ರ ಆಗಸ್ಟ್ 20ರಂದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ಕಂಡುಹಿಡಿದವರು ಇವರು. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸವನ್ನೂ ಮಾಡಿದ್ದರು. 1902ರಲ್ಲಿ ನೊಬೆಲ್ ಪಾರಿತೋಷಕ ಬಂದಿತ್ತು. ರಾಸ್ ಅವರಿಗೂ ಒಬ್ಬ ಗುರು ಇದ್ದರು, ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್. ಸೊಳ್ಳೆಯ ಮೇಲೆ ಸಂಶಯ ಇಟ್ಟು ನೋಡು ಎಂದು ಹಾದಿ ತೋರಿಸಿದವರು ಅವರೇ. ಶಿಷ್ಯ ಭಾರತದಲ್ಲಿ, ಗುರು ಲಂಡನ್ನಿನಲ್ಲಿ. ವರ್ಷಗಟ್ಟಲೆ ಪತ್ರಗಳ ಮೂಲಕವೇ ಪಾಠ ನಡೆಯಿತು. ಶಿಷ್ಯ ಬೇಸತ್ತು ಕೈಬಿಡುವ ಹೊತ್ತಿಗೆ ಗುರುವಿನ ಪತ್ರ ಬರುತ್ತಿತ್ತು. ಇನ್ನೊಬ್ಬರ ಕೈಹಿಡಿತದ ಬೆಲೆ ರಾಸ್ ಅವರಿಗೆ ಗೊತ್ತಿತ್ತು. ಹಾಗಾಗಿ ಕಷ್ಟದಲ್ಲಿದ್ದ ಹಾಫ್‌ಕಿನ್ನರಿಗೆ ಅವರು ಕೈ ಕೊಟ್ಟರು.

1907ರಲ್ಲಿ ರಾಸ್ ಮತ್ತು ಇತರ ಹೆಸರಾಂತ ವಿಜ್ಞಾನಿಗಳು ಸೇರಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ರೋಗಾಣು ಮುಂಬೈಯಲ್ಲಿ ಸೇರಿದ್ದಕ್ಕೆ ಆಧಾರವಿಲ್ಲ, ಬಾಟಲಿ ತೆರೆಯುವಾಗ ಮುಲ್ಕೋವಾಲಿನಲ್ಲೇ ಸೇರಿರಬೇಕೆಂದು ವಾದಿಸಿದರು. ಲಂಡನ್ನಿನ ಲಿಸ್ಟರ್ ಸಂಸ್ಥೆಯವರೂ ಕಾಗದಪತ್ರ ನೋಡಿ ಅದೇ ಕಡೆಗೆ ಒಲವು ತೋರಿಸಿದರು. ಕಡೆಗೆ ಅದೇ ವರ್ಷ ಹಾಫ್‌ಕಿನ್ ದೋಷಮುಕ್ತರಾದರು. ಮತ್ತೆ ಭಾರತಕ್ಕೆ ಬಂದು ಕಲಕತ್ತೆಯಲ್ಲಿ ಕೆಲಸಕ್ಕೆ ಸೇರಿದರು. ಆದರೆ ಹಿಂದಿನಂಥ ದೊಡ್ಡ ಕೆಲಸ ಅವರ ಕೈಗೆ ಬರಲಿಲ್ಲ. ಕಳೆದ ಐದು ವರ್ಷ ತಿರುಗಿ ಸಿಗಲಿಲ್ಲ. 55 ವರ್ಷದ ಹೊತ್ತಿಗೆ ನಿವೃತ್ತರಾಗಿ ಯುರೋಪಿಗೆ ಹೋದರು. ಮದುವೆ ಆಗಿರಲಿಲ್ಲ. ತಮ್ಮ ಗಳಿಕೆಯನ್ನು ಯಹೂದಿ ಮಕ್ಕಳ ವಿದ್ಯೆಗಾಗಿ ಬಿಟ್ಟು 1930ರ ಅಕ್ಟೋಬರ್ 26ರಂದು ಸ್ವಿಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ತೀರಿಕೊಂಡರು.

ಮುಂಬೈಯ ಆ ಪ್ರಯೋಗಶಾಲೆಗೆ 1925ರಲ್ಲಿ ಅವರು ಬದುಕಿರುವಾಗಲೇ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟರು. ಅಲ್ಲಿಯವರೆಗೆ ಆ ಮನೆಯಿಂದ ಹೊರಟ ಪ್ಲೇಗಿನ ಮದ್ದು 2 ಕೋಟಿ 60 ಲಕ್ಷ ಡೋಸು. 1932ರಲ್ಲಿ ಸಾಹಿಬ್ ಸಿಂಗ್ ಸೋಖೆ ಎಂಬವರು ಅದರ ಮೊದಲ ಭಾರತೀಯ ನಿರ್ದೇಶಕರಾದರು. ಒಬ್ಬ ಗುಮಾಸ್ತ, ಮೂವರು ಜವಾನರಿಂದ ಶುರುವಾದ ಖೋಲಿ ಮುಂದೆ ನಮ್ಮ ದೇಶದ ಎಷ್ಟೋ ವಿಜ್ಞಾನಿಗಳು ಕಲಿಯುವ ಮನೆಯಾಯಿತು. ಹಾವು ಕಡಿದವರಿಗೆ ಕೊಡುವ ಔಷಧ ತಯಾರಿಸುವ ಕೆಲಸವೂ ಈ ಹೆಸರಿನ ಅಡಿಯಲ್ಲಿ ಬಹುಕಾಲದಿಂದ ನಡೆದಿದೆ. ಹೊಲದಾಗ ಬರಿಗಾಲಲ್ಲಿ ತಿರುಗಾಡುವ ನಾವು ಈ ಋಣ ಮರೆಯಬಾರದು. 1964ರಲ್ಲಿ ಭಾರತ ಸರಕಾರ ಹಾಫ್‌ಕಿನ್ನರ ಅಂಚೆ ಚೀಟಿ ಹೊರತಂದಿತು.

ನಮಗೆ ಇದರಿಂದ ಏನು

ಸಹಕಾರ ಸಂಘದ ಸಂಚಿಕೆಯಲ್ಲಿ ಪ್ಲೇಗಿನ ಕಥೆ ಏಕೆ ಅಂತ ಕೆಲವರು ಕೇಳಬಹುದು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ್ದನ್ನು ನಾವು ಪ್ರತಿ ಸಭೆಯಲ್ಲೂ ನೆನೆಯುತ್ತೇವೆ. ಆ ಸಂಘ ಹುಟ್ಟಿದ್ದು ಪ್ಲೇಗು ಮತ್ತು ಬರಗಾಲದ ಪೆಟ್ಟು ಇನ್ನೂ ಆರದ ದಿನಗಳಲ್ಲಿ. ಒಬ್ಬೊಬ್ಬರೇ ಇದ್ದರೆ ಬದುಕಲಾಗದು, ಒಬ್ಬರ ಕೈ ಒಬ್ಬರು ಹಿಡಿಯಬೇಕು ಎಂಬುದನ್ನು ಅಂಥ ಕಾಲವೇ ಜನರಿಗೆ ಕಲಿಸಿರಬೇಕು. ನಮ್ಮ ಸಂಘದಲ್ಲೂ ಹೊಸ ಗುಮಾಸ್ತ ಬಂದಾಗ ಹಳೆಯ ಕಾರ್ಯದರ್ಶಿಗಳು ಪಕ್ಕದಲ್ಲಿ ಕುಳಿತು ರೋಜಕೀರ್ದಿ ಬರೆಯುವುದನ್ನು ಕಲಿಸಿದರು. ಮೊದಲ ವರ್ಷ ಆತ ಲೆಕ್ಕದಲ್ಲಿ ತಪ್ಪಿದಾಗ ಸಭೆಯಲ್ಲಿ ಅವರೇ ಎದ್ದು ನಿಂತು ಹೊಣೆ ಹೊತ್ತರು. ಇವತ್ತು ಆ ಗುಮಾಸ್ತರ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಇರುವುದಿಲ್ಲ.

ದವಾಖಾನೆಯಲ್ಲಿ ಇದು ಇನ್ನೂ ಹೆಚ್ಚು ಬೇಕು. ಡಾಕ್ಟರರು ನರ್ಸಿಗೆ, ನರ್ಸು ಹೊಸ ಹುಡುಗಿಗೆ, ಉಪಕೇಂದ್ರದ ಸಿಸ್ಟರು ಆಶಾ ಕಾರ್ಯಕರ್ತೆಗೆ ಮಾಡಿ ತೋರಿಸಬೇಕು. ತೋರಿಸಿ, ಮಾಡಿಸಿ, ಪಕ್ಕದಲ್ಲಿ ನಿಂತು ನೋಡಬೇಕು. ಕಲಿಯುವವರೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಧೈರ್ಯ ಮಾಡಬೇಕು. ಹೇಳಿದರೆ ಬೈಗಳು ಬೀಳುತ್ತವೆ ಎಂಬ ಹೆದರಿಕೆ ಇದ್ದಲ್ಲಿ ಯಾರೂ ಹೇಳುವುದಿಲ್ಲ. ಬಿದ್ದ ಚಿಮಟಿಗೆಯನ್ನು ಸುಮ್ಮನೆ ಎತ್ತಿಕೊಳ್ಳುತ್ತಾರೆ. ಅದರ ಬೆಲೆ ಕೊಡುವವರು ಸಾಲಿನಲ್ಲಿ ನಿಂತ ನಮ್ಮಂಥವರು.

ಹಬ್ಬ ಮುಗಿದ ಮೇಲೆ ಮಗಳನ್ನು ಕೂಡ್ರಿಸಿಕೊಂಡು ಈ ಕಥೆ ಹೇಳಿದೆ. ಗುರು ಸಿಗುವ ತನಕ ತಾಳು, ಸಿಗದಿದ್ದರೆ ಹುಡುಕು, ಮುಂದೆ ನೀನೇ ಒಬ್ಬರಿಗೆ ಆಗು ಎಂದೆ. ಆಕೆ ಏನೂ ಹೇಳಲಿಲ್ಲ. ಮರುದಿನ ಮುಂಜಾನೆ ಬಸ್ಸಿಗೆ ತಾನಾಗಿಯೇ ಚೀಲ ತುಂಬಿಕೊಂಡು ನಿಂತಿದ್ದಳು. ಆಮೇಲೆ ಅದೇ ದವಾಖಾನೆಯ ಇನ್ನೊಬ್ಬ ಹಿರಿಯ ಸಿಸ್ಟರು ರಾತ್ರಿ ಪಾಳಿಯಲ್ಲಿ ಆಕೆಯನ್ನು ಜೊತೆಗೆ ಕರೆದುಕೊಂಡು ಒಂದೊಂದೇ ಕೆಲಸ ಕಲಿಸುತ್ತಿದ್ದಾರೆ ಎಂದು ಫೋನಿನಲ್ಲಿ ಹೇಳಿದಳು. ಆ ತಾಯಿಯ ಮುಖ ನಾನು ನೋಡಿಲ್ಲ. ಅವರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಇಪ್ಪತ್ತೈದು ವರ್ಷ ತುಂಬಿದ ನಮ್ಮ ಸಂಘದಲ್ಲಿಯೂ, ಊರಿನ ಶಾಲೆ, ದವಾಖಾನೆಗಳಲ್ಲಿಯೂ ಹಿರಿಯರು ಕಿರಿಯರ ಕೈ ಹಿಡಿಯುವ ಈ ಪದ್ಧತಿ ಉಳಿಯಲಿ, ಬೆಳೆಯಲಿ ಎಂದು ಹಾರೈಸುತ್ತೇನೆ. ಬರಹದಲ್ಲಿ ತಪ್ಪುಒಪ್ಪು ಇದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕೆಂದು ಬಿನ್ನಹ.